ದಸ್ತಗೀರ ಕಾಕಾನ ಮೂಗು

ದಸ್ತಗೀರ ಕಾಕಾ ನಮ್ಮ ಗೋದಾಮಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಿದ್ದರು. ಆ ಉಸಿರು ಹೊರಗೆ ಬರುವವರೆಗೆ ಯಾರೂ ಮಾತಾಡುವಂತಿರಲಿಲ್ಲ. ಆಮೇಲೆ ಕಣ್ಣು ತೆರೆದು, "ಎಡಗಡಿ ಮೂಲ್ಯಾಗ ಯಾವುದೋ ಡಬ್ಬಿ ಮುಚ್ಚಳ ಸಡ್ಲ ಆಗೇತಿ, ನೋಡವ್ವಾ" ಎನ್ನುತ್ತಿದ್ದರು. ಹೋಗಿ ನೋಡಿದರೆ ಕಿತ್ತಳೆ ಪೆಪ್ಪರಮಿಂಟಿನ ಡಬ್ಬಿಯೊಂದರ ಮುಚ್ಚಳ ಓರೆಯಾಗಿ ಕೂತಿರುತ್ತಿತ್ತು.

ಇಂಡಿ ಪಟ್ಟಣದಲ್ಲಿ ನಾನು ಚಿಕ್ಕಿ, ಪೆಪ್ಪರಮಿಂಟು, ಚಾಕೊಲೇಟುಗಳ ಹೋಲ್‌ಸೇಲ್ ವ್ಯಾಪಾರ ಶುರು ಮಾಡಿದಾಗ ನನಗೆ ಗೊತ್ತಿದ್ದದ್ದು ಮಾರುವುದು ಮಾತ್ರ. ಇಡುವುದು ಗೊತ್ತಿರಲಿಲ್ಲ. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ನೆಲದಿಂದ ಸೂರಿನವರೆಗೆ ಒಟ್ಟಿದ್ದೆ. ಮೊದಲ ಬೇಸಿಗೆಯಲ್ಲೇ ಹೊರ್ತಿ ಊರಿನ ಅಂಗಡಿಯವನೊಬ್ಬ ಬಂದು ನನ್ನೆದುರು ಒಂದು ಚಾಕೊಲೇಟು ಬಿಚ್ಚಿದ. ಅದು ಕಾಗದ ಬಿಟ್ಟು ಬರಲೇ ಇಲ್ಲ. "ಅಕ್ಕಾರ, ಇದನ್ನ ನೆಕ್ಕಬೇಕೋ, ಕಾಗದ ಸಹಿತ ನುಂಗಬೇಕೋ?" ಎಂದು ಕೇಳಿ, ಪೆಟ್ಟಿಗೆ ಅಲ್ಲೇ ಇಟ್ಟು ಹೋದ.

ಅವತ್ತು ಶೇಂಗಾ ಚಿಕ್ಕಿ ಕೊಳ್ಳಲು ಬಂದು ಪಕ್ಕದಲ್ಲಿ ನಿಂತಿದ್ದವರು ದಸ್ತಗೀರ ಕಾಕಾ. ನಮ್ಮ ಓಣಿಯವರೇ. ಒಂದು ಮಿಠಾಯಿ ಕಾರ್ಖಾನೆಯ ಉಗ್ರಾಣವನ್ನು ಮೂವತ್ತು ವರ್ಷ ನೋಡಿಕೊಂಡು, ಅದು ಮುಚ್ಚಿದ ಮೇಲೆ ಮನೆಯಲ್ಲಿದ್ದರು. ನನ್ನ ಮುಖ ನೋಡಿದರು. ಒಳಗೆ ಬಂದು ಶೆಡ್ಡಿನ ಗೋಡೆಗೆ ಕೈ ತಾಗಿಸಿ, ಚುರುಕ್ಕೆಂದು ಹಿಂತೆಗೆದುಕೊಂಡರು.

"ಮಾಲ ಕೆಟ್ಟಿಲ್ಲ ತಂಗಿ. ಅದರ ಮನಿ ಕೆಟ್ಟೇತಿ" ಎಂದರು.

ಮರುದಿನ ಅವರೇ ನಮ್ಮ ಮನೆಯೆಲ್ಲ ಸುತ್ತಿ ಹಿತ್ತಲ ಕಡೆಯ ಕೋಣೆಯನ್ನು ಆರಿಸಿದರು. ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಗವಾಕ್ಷಿಯಂಥ ಒಂದೇ ಕಿಟಕಿ. ಅಲ್ಲಿ ಅತ್ತೆಯ ಜೋಳದ ಚೀಲಗಳಿದ್ದವು. "ಹಂಗಾದ್ರ ನಮ್ಮ ಜ್ವಾಳ ಎಲ್ಲಿ ಇಡೂದ?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಜ್ವಾಳ ಬಿಸಲಾಗ ಹುಟ್ಟಿದ್ದು, ಬಿಸಲ ತಡಕೋತೈತ್ರಿ ಅಕ್ಕಾರ. ಈ ಚಾಕಲೇಟ ಅಂದ್ರ ನಾಜೂಕ ಮಂದಿ" ಎಂದರು ಕಾಕಾ. ಅತ್ತೆಗೆ ನಗು ಬಂತು. ಜೋಳ ನಡುಮನೆಗೆ ಬಂತು.

ಕೋಣೆಗೆ ಸುಣ್ಣ ಬಳಿಸಿ ವಾರ ಒಣಗಲು ಬಿಟ್ಟರು. ಪೆಟ್ಟಿಗೆಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಹೊಸ ಮಾಲು ಹಿಂದೆ, ಹಳೆಯದು ಮುಂದೆ. "ಮೊದಲ ಬಂದಾವ ಮೊದಲ ಹೋಗಬೇಕು. ಪಂಗ್ತಿ ಮುರದ್ರ ಹಿಂದಿನಾವ ಕೊಳೀತಾನ." ಪೆಪ್ಪರಮಿಂಟಿನ ಹತ್ತಿರ ಚಾಕೊಲೇಟು ಇಡಬಾರದು, ಅದರ ವಾಸನೆ ಇದಕ್ಕೆ ಹತ್ತುತ್ತದೆ. ಮಳೆಗಾಲದಲ್ಲಿ ಡಬ್ಬಿಯನ್ನು ಸುಮ್ಮನೆ ತೆರೆದು ನೋಡಬಾರದು, ತೇವ ಒಳಗೆ ಹೋಗಿ ಪೆಪ್ಪರಮಿಂಟು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಊದಿನಕಡ್ಡಿ, ಸಾಬೂನು ಆ ಕೋಣೆಯ ಹತ್ತಿರ ಸುಳಿಯುವಂತಿರಲಿಲ್ಲ.

ಆ ಶಿಸ್ತಿನಲ್ಲಿ ಅವರು ತಮ್ಮನ್ನೂ ಬಿಡುತ್ತಿರಲಿಲ್ಲ. ಕಾಕಾನಿಗೆ ಅತ್ತರೆಂದರೆ ಪ್ರಾಣ. ಶುಕ್ರವಾರ ನಮಾಜಿಗೆ ಹಚ್ಚಿಕೊಂಡು ಹೋದವರು ಆ ದಿನ ಗೋದಾಮಿಗೆ ಬರುತ್ತಿರಲಿಲ್ಲ. ರಸ್ತೆಯ ಆಚೆ ನಿಂತೇ, "ಇವತ್ತ ನಾ ಒಳಗ ಬರಂಗಿಲ್ಲವ್ವಾ. ನನ್ನ ಅತ್ತರ ನಿನ್ನ ಮಾಲಿಗಿ ಹತ್ತತೈತಿ" ಎಂದು ಕೂಗಿ, ಅಲ್ಲಿಂದಲೇ ಎಲ್ಲ ವಿಚಾರಿಸುತ್ತಿದ್ದರು. ಐದಾರು ವರ್ಷ ಹೀಗೆಯೇ ನಡೆಯಿತು. ಸಿಂದಗಿ, ಮುದ್ದೇಬಿಹಾಳದವರೆಗೆ ನನ್ನ ಮಾಲು ಹೋಗತೊಡಗಿತು. ಒಂದು ಪೆಟ್ಟಿಗೆಯೂ ಹಿಂದಕ್ಕೆ ಬರಲಿಲ್ಲ.

ಕೊರೋನಾದ ಎರಡನೆಯ ಸುತ್ತಿನಲ್ಲಿ ಕಾಕಾ ಹಾಸಿಗೆ ಹಿಡಿದರು. ಎದ್ದು ಬಂದದ್ದೇ ದೊಡ್ಡದೆಂದು ನಾವೆಲ್ಲ ಸಮಾಧಾನಪಟ್ಟೆವು. ಶಾಲೆಗಳು ಮತ್ತೆ ತೆರೆದ ಮೇಲೆ ಬಸವನ ಬಾಗೇವಾಡಿಯ ಒಂದು ಶಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಮಕ್ಕಳಿಗೆ ಹಂಚಲು ಚಿಕ್ಕಿ ಬೇಕೆಂದು ಫೋನು ಮಾಡಿದರು. ಮಾಲು ತೆಗೆಯುವ ದಿನ, ಒಂದು ಮಂಗಳವಾರ, ಕಾಕಾ ಎಂದಿನಂತೆ ಬಂದರು. ಹೊಸ್ತಿಲಲ್ಲಿ ನಿಂತು ಉಸಿರೆಳೆದರು. "ಎಲ್ಲಾ ಬರೋಬರಿ ಐತಿ, ಕಳಸು" ಎಂದರು.

ಅವರ ಮೈಯಿಂದ ಅತ್ತರು ಘಮ್ಮೆನ್ನುತ್ತಿತ್ತು. ನನಗೆ ವಿಚಿತ್ರವೆನಿಸಿತು. ಅದರ ನಡುವೆಯೇ ಚಿಕ್ಕಿಯ ಡಬ್ಬಿಯಿಂದ ತೆಳ್ಳಗೆ ಕಮಟು ವಾಸನೆಯೂ ಬಂದಂತಾಯಿತು. ಆದರೆ ಕಾಕಾನೇ ಬರೋಬರಿ ಎಂದ ಮೇಲೆ ನನ್ನ ಮೂಗಿನದೇನು? ಕಳಿಸಿಬಿಟ್ಟೆ.

ಮರುದಿನ ಬಾಯಾರ ಫೋನು ಬಂತು. "ಡಬ್ಬಿ ತಗದ ಕೂಡ್ಲೇ ವಾಸನಿ ಬಂತರಿ. ಹುಡುಗ್ರಿಗಿ ಕೊಟ್ಟಿಲ್ಲ. ಕೊಟ್ಟಿದ್ರ ಏನ ಮಾಡ್ಬೇಕಿತ್ರಿ?" ಎಂದರು. ಡಬ್ಬಿ ಹಿಂದಕ್ಕೆ ಕಳಿಸಿರೆಂದೆ.

ಹಿಂದಿರುಗಿ ಬಂದ ಡಬ್ಬಿಯನ್ನು ಕಾಕಾನ ಮನೆಗೆ ಒಯ್ದೆ. ಅವರು ಒಂದು ಚಿಕ್ಕಿ ಮುರಿದು ಮೂಗಿಗೆ ಹಿಡಿದರು. ಇನ್ನೊಂದು ಮುರಿದರು. ಆಮೇಲೆ ಕೈ ತೊಡೆಯ ಮೇಲೆ ಇಳಿಯಿತು.

"ನನಗ ಏನೂ ವಾಸನಿ ಬರವಲ್ದು ತಂಗಿ, ನನ್ನ ಅತ್ತರದ್ದ ಸಹಿತ. ಆ ಬ್ಯಾನಿ ಬಂದಾಗಿಂದ."

"ಮತ್ತ ಯಾಕ ಹೇಳಲಿಲ್ರಿ ಕಾಕಾ?"

"ಮೂಗ ಇಲ್ಲದ ದಸ್ತಗೀರನ್ನ ಗೋದಾಮಿಗಿ ಯಾರ ಕರೀತಾರ?" ಎಂದು ಡಬ್ಬಿಯ ಮುಚ್ಚಳ ಒತ್ತಿ ಹಾಕಿದರು. ಆಮೇಲೆ ಕೇಳಿದರು: "ನಿನಗ ವಾಸನಿ ಬಂದಿತ್ತೇನು?"

"ಸ್ವಲ್ಪ ಬಂದಿತ್ರಿ. ನೀವ ಬರೋಬರಿ ಐತಿ ಅಂದ್ರೆಲ್ಲ, ಅದಕ್ಕ..."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಕಣ್ಣು ಕೆಂಪಾಯಿತು. "ನಂದು ಬ್ಯಾನಿ. ನಿಂದು ತಪ್ಪು. ಹುಡುಗ್ರು ತಿನ್ನೂ ಮಾಲಿನ್ಯಾಗ ನನ್ನ ಮರ್ಯಾದಿ ನೋಡ್ತಿಯೇನು?"

ಮರುದಿನ ನನ್ನೊಂದಿಗೆ ಬಾಗೇವಾಡಿಗೆ ಬಂದರು. ಎರಡು ಬಸ್ಸು ಬದಲಿಸಿ, ಶಾಲೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ, "ಮಾಲ ನೋಡಿದಾವ ನಾನರಿ ಬಾಯಾರ. ಈಕಿ ಅಲ್ಲ" ಎಂದು ಕೈ ಮುಗಿದರು. ಬಾಯಾರು ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಹೊಸ ಚಿಕ್ಕಿ ತೆಗೆದುಕೊಂಡರು.

ಅಂದಿನಿಂದ ಹೊಸ್ತಿಲಲ್ಲಿ ನಿಂತದ್ದು ನಾನು. ಕಾಕಾ ಹೊರಗೆ ಸ್ಟೂಲಿನ ಮೇಲೆ ಕೂತು ಪರೀಕ್ಷೆ ಮಾಡುತ್ತಿದ್ದರು. "ಏನ ಬಂತು?" "ಬೆಲ್ಲರಿ." "ಹೊಸಾದೋ ಹಳೇದೋ?" ಗೊತ್ತಾಗದಿದ್ದರೆ, "ಗೊತ್ತಿಲ್ಲ ಅನ್ನು, ನಾಚಬ್ಯಾಡ. ಗೊತ್ತಿಲ್ಲಂದ್ರ ಡಬ್ಬಿ ತಗದ ನೋಡು" ಎನ್ನುತ್ತಿದ್ದರು. ಎರಡು ವರ್ಷ ಹೀಗೆ ಕಲಿಸಿದರು.

ಕಾಲು ಸೋತ ಮೇಲೆ ಅವರನ್ನು ಮುದ್ದೇಬಿಹಾಳದ ಮಗಳು ಕರೆದುಕೊಂಡು ಹೋದಳು. ಹೋದ ಚಳಿಗಾಲದಲ್ಲಿ ನೋಡಲು ಹೋಗಿದ್ದೆ. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಆ ದಿನವೇ ಮಾಡಿಸಿದ ಚಿಕ್ಕಿ ಒಯ್ದಿದ್ದೆ. ಒಂದು ತುಂಡು ಕೈಗೆ ತೆಗೆದುಕೊಂಡರು, ಬಾಯಿಗೆ ಹಾಕಲಿಲ್ಲ.

"ಸಿಹಿ ಗೊತ್ತಾಗತೈತಿ, ಉಳಿದದ್ದ ಗೊತ್ತಾಗಂಗಿಲ್ಲ. ನೀ ಹೇಳು, ವಾಸನಿ ಹ್ಯಾಂಗ ಐತಿ?"

ಹೇಳಿದೆ. ಶೇಂಗಾ ಸಣ್ಣ ಉರಿಯಲ್ಲಿ ಹುರಿದದ್ದು, ಸಿಪ್ಪೆ ಒಂದಿಷ್ಟು ಕಪ್ಪಾಗಿದೆ. ಬೆಲ್ಲ ಹೊಸದು, ಪಾಕ ಇನ್ನೇನು ತಳ ಹತ್ತಬೇಕು ಅನ್ನುವಾಗ ಇಳಿಸಿದ್ದಾರೆ. ಏಲಕ್ಕಿ ಇದೆ, ಕಡೆಗೆ ಬರುತ್ತದೆ. ಅವರು ತುಂಡನ್ನು ಹಿಡಿದುಕೊಂಡೇ ಕೇಳುತ್ತಿದ್ದರು.

ಮಗಳು ಬಂದು, ನಾಲ್ಕರ ಬಸ್ಸಿಗೆ ಹೊತ್ತಾಯಿತು ಎಂದು ನನಗೆ ನೆನಪಿಸಿದಳು. ನಾನು ಕಾಕಾನ ಕಡೆ ನೋಡಿದೆ.

"ಇನ್ನಷ್ಟು ಹೇಳವ್ವಾ" ಎಂದರು.

ಆ ಬಸ್ಸು ಹೋಯಿತು. ಮುಂದಿನ ತಿಂಗಳು ಕಾಕಾ ಹೋದರು.