ಡೀಲಿಯಾ ಟೀಚರ ಹಿತ್ತಲಿನ ಕಿನ್ನರಿಯರು

ಐರಿಷ್ ಸೀಮೆಯಾದ ಲೀಟ್ರಿಮ್‌ನ ಡೀಲಿಯಾ ಟಿಯರ್ನಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಲೆಕ್ಕಕ್ಕೆ ಸಿಗದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ. ಆ ಅಕ್ಟೋಬರಿನಲ್ಲಿ ಹಿತ್ತಲ ತುಂಬ ಸೇಬಿನ ತರಗೆಲೆ ಉದುರಿತ್ತು, ಗುಡಿಸೋಣವೆಂದರೆ ಮಂಡಿ ಕೈಕೊಟ್ಟಿತ್ತು. ಅದನ್ನು ಒಪ್ಪಿಕೊಳ್ಳಲು ಮಾತ್ರ ಅವಳಿಗೆ ಮನಸ್ಸಿರಲಿಲ್ಲ.

ಪಕ್ಕದ ಮನೆಯ ಫಿಂಟನ್ ಅವಳ ಹಳೆಯ ಶಿಷ್ಯ. ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ಇಣುಕಿದ.

"ಏನ್ ಟೀಚರ್, ಈ ವರ್ಷ ಎಲೆ ಗುಡಿಸೋದಿಲ್ವಾ?"

"ಮೆಲ್ಲಗೆ ಮಾತಾಡೋ! ಅದರಡಿ ಕಿನ್ನರಿಯರು ಸಂಸಾರ ಹೂಡಿದಾರೆ."

"ಅಯ್ಯೋ, ನಾನೇ ಗುಡಿಸಿಕೊಡೋಣ ಅಂತ ಪೊರಕೆ ತಂದಿದ್ದೆ. ಹಾಗಿದ್ರೆ ಕೈ ಹಾಕಲ್ಲಪ್ಪ," ಎಂದು ಫಿಂಟನ್ ಪೊರಕೆ ಸಮೇತ ವಾಪಸಾದ. ಡೀಲಿಯಾ ನಾಲಿಗೆ ಕಚ್ಚಿಕೊಂಡಳು.

ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಯುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ತಾಯಂದಿರು ಮಕ್ಕಳನ್ನು ಕರೆತಂದು ತರಗೆಲೆಯ ಪಕ್ಕ ಹಾಲಿನ ಬಟ್ಟಲಿಟ್ಟರು. ಬಂದವರಿಗೆಲ್ಲ ಚಹಾ ಕೊಡದಿದ್ದರೆ ಆಗುತ್ತದೆಯೇ? ಗುಡಿಸುವ ಒಂದು ದಿನದ ಕೆಲಸ ತಪ್ಪಿಸಿಕೊಳ್ಳಹೋದವಳು ಎರಡು ವಾರ ಒಲೆಯ ಮುಂದೆ ನಿಂತಳು.

ಕೊನೆಗೆ ಸೋತು, ಫಿಂಟನ್‌ನನ್ನು ಕರೆದು ನಿಜ ಹೇಳಿದಳು.

"ಅಲ್ಲಿ ಯಾರೂ ಇಲ್ಲ ಕಣೋ. ನನಗೆ ಮಂಡಿ ನೋವು, ಅಷ್ಟೇ."

ಫಿಂಟನ್‌ನ ಮುಖ ಬಿಳಚಿಕೊಂಡಿತು.

"ಯಾವಾಗಿಂದ?"

"ಎಲೆ ಉದುರಿದಾಗಿನಿಂದ."

"ಅಂದ್ರೆ ಅವರು ಬಂದಾಗಿನಿಂದ! ನಿಮ್ಮ ಮಂಡೀನೇ ಹಿಡ್ಕೊಂಡಿದಾರಲ್ಲ ಟೀಚರ್!"

ಅಂದಿನಿಂದ ಹಿತ್ತಲಿಗೆ ಒಂದು ನರಪಿಳ್ಳೆಯೂ ಕಾಲಿಡಲಿಲ್ಲ. ಡೀಲಿಯಾ ಕಾಲು ಚಾಚಿ ಕೂತಳು. ನವೆಂಬರಿನ ಗಾಳಿ ಅಷ್ಟೂ ಎಲೆಯನ್ನು ಫಿಂಟನ್‌ನ ಬಾಗಿಲಿಗೆ ಸುರಿಯಿತು. ಪಾಪ, ಅವನು ಕ್ರಿಸ್‌ಮಸ್‌ವರೆಗೂ ಕಿಟಕಿಯಿಂದಲೇ ಹತ್ತಿಳಿದ.