ಸೋಫಾಗೂ ವೇಷ ಹಾಕುವ ಎರವಲು ಅಕ್ಕ

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ತುದಿಯಿಂದ ಒಂದು ಸೋಫಾ ತಾನಾಗಿಯೇ ನಡೆದು ಬರುತ್ತಿದೆ. ಹತ್ತಿರವಾದಂತೆ ಅದರ ಕೆಳಗೊಂದು ತಳ್ಳುಗಾಡಿ, ಹಿಂದೆ ತಳ್ಳುವ ಹೆಂಗಸು, ಪಕ್ಕದಲ್ಲಿ ಆಕಳಿಸುತ್ತಾ ಹಗ್ಗ ಹಿಡಿದಿರುವ ಗಂಡ ಕಾಣುತ್ತಾರೆ. ಸೋಫಾದ ಮೇಲೆ ಒಂದು ಗೋಡೆ ಗಡಿಯಾರ, ಒಂದು ಮಿಕ್ಸಿ, ಎರಡು ದಿಂಬುಗಳು ಆರಾಮಾಗಿ ಸವಾರಿ ಹೊರಟಿವೆ.

“ಪೇಪರಿನೋರು ನೀವೇನಾ? ಬನ್ನಿ ಬನ್ನಿ. ಈ ಸ್ಟೂಲ್ ಸ್ವಲ್ಪ ಹಿಡ್ಕೊಳ್ಳಿ,” ಎನ್ನುತ್ತಾರೆ ಆಕೆ. ಪೆನ್ನು ಹಿಡಿದ ಕೈ ಅವರ ಲೆಕ್ಕದಲ್ಲಿ ಖಾಲಿ ಕೈ. ಹಾಗಾಗಿ ಈ ಲೇಖನದ ಅರ್ಧ ಭಾಗವನ್ನು ನಾನು ಸ್ಟೂಲ್ ಹೊತ್ತುಕೊಂಡೇ ಕೇಳಿಸಿಕೊಂಡದ್ದು.

ಬೀದಿಯವರ ಬಾಯಲ್ಲಿ ಅವರು ಎರವಲು ಅಕ್ಕ. ಕಸುಬು ಇಸ್ತ್ರಿ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದು ಮೇಜು, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆಗೆ ಹೊಡೆದ ಮೊಳೆಗಳ ತುಂಬ ಊರವರ ಅಂಗಿಗಳು. ನೆಟ್ಟಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತದೆ. “ಅದಕ್ಕೇ ನನಗೆ ಜಂಬ ಬಂದಿಲ್ಲ,” ಎಂದು ನಗುತ್ತಾರೆ. ಗಂಡನಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಕೆಲಸ ಮುಗಿಸಿ ಬಂದವರು ಮಲಗುವ ಮೊದಲು ಹೆಂಡತಿಯ ಗಾಡಿಗೆ ಹೆಗಲು ಕೊಡುತ್ತಾರೆ. “ನಮ್ಮನೇಲಿ ಕೂರೋಕೆ ಚಾಪೆ. ತಳ್ಳೋಕೆ ಮಾತ್ರ ಊರೋರ ಸೋಫಾ,” ಎನ್ನುವುದು ಅವರ ಗೊಣಗಾಟ. ಗೊಣಗುತ್ತಲೇ ಹಗ್ಗವನ್ನು ಬಿಗಿ ಮಾಡುತ್ತಾರೆ.

ಈ ಬಡಾವಣೆಗೆ ಅದರದ್ದೇ ಒಂದು ನಾಟಕ ತಂಡವಿದೆ. ಈಗಿನ ಕಾಲದ ನಮ್ಮ ಬದುಕನ್ನು ಗೇಲಿ ಮಾಡುವ ನಾಟಕಗಳೇ ಅವರ ಪಾಲಿನ ಊಟ. ಬರೆದು ನಿರ್ದೇಶಿಸುವವರು ಹಲ್ಲಿನ ಡಾಕ್ಟರು. ಹಗಲು ನೋವಿಗೆ ಬಾಯಿ ತೆಗೆಸುತ್ತಾರೆ, ಸಂಜೆ ನಗುವಿಗೆ. ನಟರಲ್ಲಿ ಬ್ಯಾಂಕಿನವರಿದ್ದಾರೆ, ಔಷಧಿ ಅಂಗಡಿಯವರಿದ್ದಾರೆ. ಎಲ್ಲರೂ ಇದ್ದಾರೆ, ಆದರೆ ತಂಡಕ್ಕೆ ಸ್ವಂತದ್ದೊಂದು ಕುರ್ಚಿಯೂ ಇಲ್ಲ. ಮೊದಲು ಅಕ್ಕ ಅವರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದರು, ಅಷ್ಟೆ. ಒಂದು ದಿನ ಊಟದ ಮೇಜು ಸಿಗದೆ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, “ಮೇಜು ತಾನೇ? ನಮ್ಮ ಬೀದೀಲಿ ಇಲ್ದೇ ಇರೋ ಮೇಜಾ?” ಎಂದು ಎದ್ದು ಹೋದರು. ಅಂದಿನಿಂದ ವೇದಿಕೆಯ ಮೇಲಿನ ಪ್ರತಿ ಮನೆಯೂ ಈ ಬೀದಿಯ ಹತ್ತು ಮನೆಗಳಿಂದ ಕೂಡಿಸಿದ್ದು.

ಎರವಲಿಗೆ ಅವರೇ ಮಾಡಿಕೊಂಡ ಕಟ್ಟುಪಾಡುಗಳಿವೆ. ತಂದದ್ದು ನಾಟಕದ ಮರುದಿನ, ಮನೆಯವರು ಚಹಾಕ್ಕೆ ಕೂರುವ ಮೊದಲು ಅದರ ಜಾಗ ಸೇರಬೇಕು, ತಂದಾಗ ಇದ್ದುದಕ್ಕಿಂತ ಚೊಕ್ಕಟವಾಗಿ. ಅದಕ್ಕಿಂತ ದೊಡ್ಡದು ಇನ್ನೊಂದು: ಯಾವ ಸಾಮಾನೂ ತನ್ನ ಸ್ವಂತ ಮುಖ ಹೊತ್ತು ವೇದಿಕೆ ಹತ್ತಬಾರದು. ಸೋಫಾಕ್ಕೆ ಬೇರೆ ಹೊದಿಕೆ, ಮೇಜಿಗೆ ಬೇರೆ ಬಟ್ಟೆ, ಗಡಿಯಾರಕ್ಕೆ ಬಣ್ಣದ ಕಾಗದದ ಅಂಚು. “ನೋಡೋಕೆ ಬರೋರೂ ಇದೇ ಬೀದಿಯೋರು ತಾನೆ? ಜಿಪುಣನ ಪಾತ್ರದೋನು ಕೂತಿರೋ ಸೋಫಾ ಇಂಥೋರ ಮನೇದು ಅಂತ ಗೊತ್ತಾದ್ರೆ ಮುಗೀತು, ಜಿಪುಣ ಯಾರು ಅಂತ ಜನಾನೇ ತೀರ್ಮಾನ ಮಾಡ್ಬಿಡ್ತಾರೆ. ಅದಕ್ಕೇ ಸೋಫಾಗೂ ವೇಷ ಹಾಕ್ತೀನಿ.”

ಆ ವೇಷ ಕಳಚಿದ್ದು ಬಡಾವಣೆಯ ಭವನದಲ್ಲಿ ನಡೆದ ಕಳೆದ ನಾಟಕದಲ್ಲಿ. ಅದನ್ನು ಹೇಳುವಾಗ ಅಕ್ಕ ಗಾಡಿ ನಿಲ್ಲಿಸುತ್ತಾರೆ.

ಕೂತಲ್ಲಿಂದ ಏಳದೆ, ಪಕ್ಕದ ಕೋಣೆಯಲ್ಲಿರುವ ಮಗಳಿಗೂ ಫೋನು ಮಾಡಿ ನೀರು ಕೇಳುವ ಅಪ್ಪನ ಕಥೆ ಅದು. ಅಪ್ಪನಿಗೆ ಬೇಕಾದ ತೂಗುಕುರ್ಚಿ ಇದ್ದದ್ದು ಒಂದೇ ಮನೆಯಲ್ಲಿ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದ, ಎಲ್ಲರೂ ಡ್ರೈವರ್ ಮಾವ ಎನ್ನುವ ಹಿರಿಯರದ್ದು. ಅಕ್ಕ ಎಂದಿನಂತೆ ಅದಕ್ಕೆ ಹಸಿರು ಹೊದಿಕೆ ತೊಡಿಸಿದ್ದರು. ಆದರೆ ತೂಗಿ ತೂಗಿ ಹೊದಿಕೆ ಜಾರಿತು. ಕಾಲಿಗೆ ಸಿಕ್ಕಿಕೊಳ್ಳುತ್ತದೆಂದು ನಟ ಅದನ್ನು ಕಿತ್ತು ಪಕ್ಕಕ್ಕೆ ಎಸೆದ. ಕುರ್ಚಿಯ ತೋಳಿಗೆ ಮಾವ ಸುತ್ತಿದ್ದ, ಬೀದಿಗೆಲ್ಲ ಗುರುತಿದ್ದ ಕೆಂಪು ಟೇಪು ಎಲ್ಲರಿಗೂ ಕಂಡಿತು. ಸಭೆಗೆ ಸಭೆಯೇ ಮಾವ ಕೂತಿದ್ದ ಮೊದಲ ಸಾಲಿನತ್ತ ತಿರುಗಿ ನಕ್ಕಿತು. ಡ್ರೈವರ್ ಮಾವನೂ ಹಾಗೆಯೇ ಮಗಳಿಗೆ ಒಳಗಿನಿಂದ ಫೋನು ಮಾಡುತ್ತಾರೆಂಬುದು ಬೀದಿಗೆಲ್ಲ ಗೊತ್ತು. ಮಂಡಿ ನೋವಿನಿಂದ ಏಳಲಾಗದೆ ಮಾಡುತ್ತಾರೆಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

“ನಟನಿಗೆ ನಗು ಅಂದ್ರೆ ಸಕ್ಕರೆ. ತನಗೇ ನಕ್ರು ಅಂದ್ಕೊಂಡ. ಅದೇ ಮಾತನ್ನ ಇನ್ನೊಂದ್ಸಲ ಹೇಳ್ದ, ಮತ್ತೊಂದ್ಸಲ ಹೇಳ್ದ,” ಎನ್ನುತ್ತಾರೆ ಅಕ್ಕ. “ಮಾವ ಮಗಳ ಕೈ ಹಿಡ್ಕೊಂಡು ಎದ್ದು ಹೋದ್ರು. ಆ ಮಂಡಿ ಇಟ್ಕೊಂಡು ಬಾಗಿಲ ತನಕ ಹೋಗೋಕೆ ಎಷ್ಟು ಹೊತ್ತು ಬೇಕು ಹೇಳಿ. ಅಷ್ಟು ಹೊತ್ತೂ ಜನ ನಗ್ತಾನೇ ಇದ್ರು.”

ಮರುದಿನ ಬೆಳಗ್ಗೆ ಕುರ್ಚಿ ವಾಪಸು ಹೋಯಿತು. ಮಾವ ಬಾಗಿಲು ತೆಗೆದರು, ಕುರ್ಚಿ ಒಳಗಿಡಿಸಿಕೊಂಡರು, ಬಾಗಿಲು ಹಾಕಿದರು. ಅವರ ಅಂಗಿಗಳೂ ಇಸ್ತ್ರಿಗೆ ಬರುವುದು ನಿಂತಿತು. ಅಕ್ಕನ ಮದುವೆಯಾದ ಹೊಸದರಲ್ಲಿ, ಈ ಊರಿನಲ್ಲಿ ಯಾರ ಪರಿಚಯವೂ ಇಲ್ಲದಿದ್ದಾಗ, ಮೊದಲ ಅಂಗಿ ತಂದುಕೊಟ್ಟ ಮನೆ ಅದು. ಹೊದಿಕೆ ಎಸೆದದ್ದು ನಟ, ನಕ್ಕಿದ್ದು ಜನ. ಆದರೂ ಅಕ್ಕ ಯಾರ ಮೇಲೂ ತಪ್ಪು ಹಾಕುವುದಿಲ್ಲ. “ನನ್ನ ನಂಬಿ ಕೊಟ್ಟಿದ್ದು. ನಾಲ್ಕು ಹೊಲಿಗೆ ಹಾಕಿದ್ರೆ ಜಾರ್ತಿತ್ತಾ?”

ನಾಟಕದವರು ಸಾಮಾನ್ಯವಾಗಿ ಊರನ್ನೆಲ್ಲ ಗೇಲಿ ಮಾಡಿ ತಮ್ಮನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅಕ್ಕನಿಗೆ ಚುಚ್ಚಿದ್ದು ಇದೇ. ಹಲ್ಲು ಡಾಕ್ಟರ ಬಳಿ ಹೋಗಿ, “ಈ ಸಲ ನನ್ನ ಮೇಲೆ ಬರೀರಿ ಸಾರ್,” ಎಂದರು. ಡಾಕ್ಟರು ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಬರೆದರು. ಉಪ್ಪಿನಿಂದ ಹಿಡಿದು ಉಗುರು ಕತ್ತರಿಯವರೆಗೆ ಎಲ್ಲವನ್ನೂ ಫೋನಿನಲ್ಲೇ ತರಿಸಿಕೊಳ್ಳುವ ಮನೆಯೊಂದಕ್ಕೆ ಒಂದು ದಿನ ಪಾರ್ಸೆಲ್ ಬದಲು ಪಕ್ಕದ ಮನೆಯಾಕೆ ಬಂದು ಏಣಿ ಕೇಳುತ್ತಾಳೆ. ಮನುಷ್ಯರು ಬಾಗಿಲು ತಟ್ಟಿದರೆ ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಕೆಯೋ ಏಣಿಯಿಂದ ಶುರುಮಾಡಿ ಮನೆಯನ್ನೇ ಖಾಲಿ ಮಾಡುತ್ತಾಳೆ. ಆ ಪಾತ್ರಕ್ಕೆ ಅಕ್ಕ ಕೊಟ್ಟಿರುವುದು ತಮ್ಮದೇ ಇಸ್ತ್ರಿ ಮೇಜು, ತಮ್ಮದೇ ಚೀಲ. ಎರಡಕ್ಕೂ ವೇಷವಿಲ್ಲ.

ಗಾಡಿ ಈಗ ಮಾವನ ಮನೆಯ ಮುಂದೆ ನಿಂತಿದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ತಟ್ಟುತ್ತಾರೆ. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯುತ್ತದೆ.

“ಮಾವ, ಸಂಜೆ ನಾಟಕ ಇದೆ.”

“ಈ ಸಲ ಯಾರ ಮಾನ ಹರಾಜು?”

“ನಂದೇ.”

ಮಾವ ಗಾಡಿಯನ್ನು ನೋಡುತ್ತಾರೆ, ಸ್ಟೂಲ್ ಹೊತ್ತ ನನ್ನನ್ನೂ ನೋಡುತ್ತಾರೆ. “ಕುರ್ಚಿ ಕೇಳೋಕೆ ಬಂದ್ಯಾ?”

“ಹೂಂ. ವೇದಿಕೆಗಲ್ಲ, ಮಾವ. ಭವನದ ಕುರ್ಚಿ ತಗ್ಗು, ನಿಮಗೆ ಏಳೋಕಾಗಲ್ಲ. ನಿಮ್ಮ ಕುರ್ಚಿ ಮೊದಲ ಸಾಲಲ್ಲಿ ಹಾಕ್ತೀನಿ, ನೀವು ಕೂರೋಕೆ. ಪಕ್ಕದಲ್ಲಿ ನಾನಿರ್ತೀನಿ.”

ಮಾವ ಒಳಗೆ ಹೋಗುತ್ತಾರೆ. ನಾನು ಮುಗಿಯಿತು ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಳ್ಳುತ್ತದೆ. ಮಾವನದೇ, ಒಳಗಿನ ಕೋಣೆಯಿಂದ: “ಬಂದು ಎತ್ಕೊಂಡು ಹೋಗಮ್ಮ. ನಾನೇ ಹೊತ್ಕೊಂಡು ಬರ್ಲಾ?”

ಸಂಜೆ ಭವನ ತುಂಬಿದೆ. ಬ್ಯಾಂಕಿನ ಹುಡುಗಿ ಅಕ್ಕನ ಚೀಲವನ್ನು ಹೆಗಲಿಗೇರಿಸಿ, ಅಕ್ಕನ ಹಾಗೆಯೇ ತಲೆ ತಗ್ಗಿಸಿ ವೇದಿಕೆಗೆ ಬಂದದ್ದೇ ತಡ, ಇದು ಯಾರೆಂದು ಸಭೆಗೆ ಗೊತ್ತಾಗಿಹೋಗುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ಮೊದಲ ಸಾಲಿನತ್ತ ತಿರುಗುತ್ತಾರೆ. ಅಕ್ಕ ನೆಟ್ಟಗೆ ಕೂತಿದ್ದಾರೆ. ಮುಖ ಕೆಂಪಾಗಿದೆ, ಎರಡೂ ಕೈಗಳು ಸೆರಗಿನ ತುದಿಯನ್ನು ಹಿಂಡುತ್ತಿವೆ. ನಗೆಗೀಡಾಗುವುದು ಇಷ್ಟು ಕಷ್ಟವೆಂದು ನನಗೂ ಗೊತ್ತಿರಲಿಲ್ಲ. ಪಕ್ಕದ ತೂಗುಕುರ್ಚಿ ಮಾತ್ರ ಅಲುಗಾಡುತ್ತಿಲ್ಲ.

ವೇದಿಕೆಯ ಮೇಲಿನ ಪಕ್ಕದಮನೆಯಾಕೆ, “ನಾನು ತಗೊಂಡಿದ್ದನ್ನ ವಾಪಸ್ ಕೊಡದೇ ಇದ್ದಿದ್ದು ಉಂಟಾ?” ಎಂದು ಎದೆ ತಟ್ಟಿಕೊಳ್ಳುತ್ತಾಳೆ. ಆಗ ತೂಗುಕುರ್ಚಿಯಿಂದ, ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವಂಥ ದನಿ ಏಳುತ್ತದೆ:

“ನನ್ನ ಛತ್ರಿ ಎಲ್ಲಮ್ಮ?”

ಭವನದ ಸೂರು ಹಾರಿಹೋಗುವಷ್ಟು ನಗು. ಹುಡುಗಿ ಜಾಣೆ, ನಗು ಇಳಿಯುವವರೆಗೆ ಕಾಯುತ್ತಾಳೆ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಾರೆ. ತೂಗುಕುರ್ಚಿ ಜೋರಾಗಿ ತೂಗುತ್ತಿದೆ.

ಸೋಮವಾರ ಬೆಳಗ್ಗೆ ಮತ್ತೆ ಗಾಡಿ, ಮತ್ತೆ ನನ್ನ ಕೈಯಲ್ಲಿ ಸ್ಟೂಲ್. ಮೊದಲು ಇಳಿಯುವುದು ಮಾವನ ಕುರ್ಚಿ. ಬರುವಾಗ ಅಕ್ಕನ ಕೈಯಲ್ಲಿ ಇಸ್ತ್ರಿಗೆಂದು ಮಾವ ಕೊಟ್ಟ ಅಂಗಿಗಳ ಗಂಟಿದೆ. ಇನ್ನೇನು ಬೇಕು ನಿಮಗೆ ಎಂದು ಕೇಳುತ್ತೇನೆ. “ಏನೂ ಬೇಡಪ್ಪ. ನಾನು ತಟ್ಟಿದ ಬಾಗಿಲು ತೆಗೀತಿರ್ಲಿ, ಸಾಕು.”

ಆ ಛತ್ರಿಯ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಕೇಳಿಯೇಬಿಡುತ್ತೇನೆ.

“ಛತ್ರೀನಾ? ಯಾವುದೋ ಹಳೇ ನಾಟಕಕ್ಕೆ ತಂದಿದ್ದು, ಮಾರನೇ ದಿನಾನೇ ವಾಪಸ್ ಕೊಟ್ಟಿದ್ದೀನಿ. ಅವರ ಮನೆ ಬಾಗಿಲ ಹಿಂದೆ ನೇತಾಡ್ತಿದೆ, ಈಗ್ಲೂ ನೋಡ್ಕೊಂಡು ಬಂದೆ,” ಎಂದು ಅಕ್ಕ ಗಂಟನ್ನು ಎದೆಗೊತ್ತಿಕೊಳ್ಳುತ್ತಾರೆ. “ಊರೋರ ಮುಂದೆ ಹಸಿ ಸುಳ್ಳು ಹೇಳಿದ್ರು ನಮ್ಮ ಮಾವ. ಹೇಳ್ಲಿ ಬಿಡಿ.”