ಐದು ದಿನದ ಔಷಧಿ, ಆರು ವರ್ಷ

ಬೊಗುಮಿಲಾ ನನ್ನ ಜೊತೆ ಪೋಜ್ನಾನ್ ನಗರದಲ್ಲಿ ಹತ್ತೊಂಬತ್ತು ವರ್ಷದಿಂದ ಟ್ರಾಮ್ ಓಡಿಸುತ್ತಿದ್ದಾಳೆ. ಅವಳಿಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಆದರೆ ಆ ನವೆಂಬರ್‌ನಲ್ಲಿ ಬಂದಷ್ಟು ಸಿಟ್ಟನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಅದಕ್ಕೂ ಆರು ವರ್ಷ ಮೊದಲು ಅವಳಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಮನೆ ಹತ್ತಿರದ ಔಷಧಿ ಅಂಗಡಿಯಿಂದ ಮೂಗಿನ ಸ್ಪ್ರೇ ತಂದಳು. ಹಾಕಿದ ಕೂಡಲೇ ಉಸಿರು ಸಲೀಸಾಯಿತು. ನೆಗಡಿ ವಾರದಲ್ಲಿ ಹೋಯಿತು, ಸ್ಪ್ರೇ ಉಳಿಯಿತು. ಬಿಟ್ಟರೆ ಮೂಗು ಮತ್ತೆ ಕಟ್ಟುತ್ತಿತ್ತು, ಆದ್ದರಿಂದ ಮತ್ತೆ ಹಾಕುತ್ತಿದ್ದಳು. ಚಾಲಕರ ಕ್ಯಾಬಿನ್‌ನಲ್ಲಿ ಒಂದು ಬಾಟಲಿ, ಕೈಚೀಲದಲ್ಲಿ ಒಂದು, ದಿಂಬಿನ ಕೆಳಗೆ ಒಂದು.

ಆ ನವೆಂಬರ್‌ನಲ್ಲಿ, ಚಾಲಕರಿಗೆ ಕಡ್ಡಾಯವಾದ ವೈದ್ಯಕೀಯ ಪರೀಕ್ಷೆಯಲ್ಲಿ ಅವಳ ರಕ್ತದೊತ್ತಡ ವಿಪರೀತ ಏರಿತ್ತು. ಯಾವ್ಯಾವ ಔಷಧಿ ತೊಗೋತೀರಿ ಎಂದು ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲ. ಮೂಗಿಗೆ ಸ್ಪ್ರೇ ಹಾಕ್ಕೋತೀನಿ, ಅಷ್ಟೇ."

"ಎಷ್ಟು ದಿನದಿಂದ?"

"ಆರು ವರ್ಷ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದು ಐದು ದಿನದ ಔಷಧಿ ಕಣ್ರೀ. ಈಗ ನಿಮ್ಮ ಮೂಗು ಕಟ್ಟಿರೋದು ನೆಗಡಿಯಿಂದ ಅಲ್ಲ, ಈ ಸ್ಪ್ರೇಯಿಂದಲೇ. ರಕ್ತದೊತ್ತಡಕ್ಕೂ ಇದು ಒಳ್ಳೇದಲ್ಲ. ಅದು ಇಳಿಯೋವರೆಗೂ ಟ್ರಾಮ್ ಮುಟ್ಟೋ ಹಾಗಿಲ್ಲ."

ಬೊಗುಮಿಲಾ ಅಲ್ಲಿಂದ ನೇರ ಔಷಧಿ ಅಂಗಡಿಗೆ ನುಗ್ಗಿದಳು. ನಾನೂ ಜೊತೆಗಿದ್ದೆ. ಗಲ್ಲಾದ ಹಿಂದೆ ಅಂಗಡಿಯ ಮುದುಕ ಲುಬೋಮಿರ್ ನಿಂತಿದ್ದ.

"ಆರು ವರ್ಷ ಮಾರಿದ್ರಲ್ಲ, ಒಂದು ದಿನ ಆದ್ರೂ ಹೇಳಿದ್ರಾ?"

"ಡಬ್ಬಿ ಒಳಗಿನ ಚೀಟೀಲಿ ಬರೆದಿದೆಯಲ್ಲಮ್ಮ."

"ಇರುವೆ ಕಾಲಿನಷ್ಟು ಅಕ್ಷರದಲ್ಲಿ! ನಿಮ್ಮ ಬಾಯಿಗೇನಾಗಿತ್ತು?"

"ನೀವು ಕೇಳಲಿಲ್ಲ..."

"ಕ್ರಿಸ್ಮಸ್‌ಗೆ ಮೂರು ಬಾಟಲಿ ಒಟ್ಟಿಗೆ ಕೊಂಡಾಗ ಕೇಳದೇನೇ ಶುಭಾಶಯ ಹೇಳಿದ್ರಿ. ಆಗ ಬಾಯಿ ಚೆನ್ನಾಗೇ ಇತ್ತು!"

ಮುದುಕ ತಲೆ ತಗ್ಗಿಸಿ, "ಹೇಳಬೇಕಿತ್ತು. ತಪ್ಪಾಯ್ತು" ಅಂದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು. ಜಗಳಕ್ಕೇ ಬಂದವಳಿಗೆ ಎದುರಾಳಿ ಇಲ್ಲದಂತಾಯಿತು. ಹೊರಗೆ ಬಂದು ಬಾಗಿಲನ್ನು ಗಾಜು ಅದುರುವಂತೆ ಎಳೆದಳು.

ರಸ್ತೆಯಲ್ಲಿ ನನ್ನ ಮೇಲೆ ತಿರುಗಿದಳು. "ಲೋ ಝೆನೋನ್, ಬಟ್ಟೆ ಒಗೆಯೋ ಮಷಿನ್ನಿನ ಪುಸ್ತಕ ಪೂರ್ತಿ ಓದಿದೀನಿ ಕಣೋ. ಮೂಗಿಗೆ ಹಾಕೋದರ ಚೀಟಿ ಓದಲಿಲ್ಲ. ನನ್ನಂಥ ಪೆದ್ದಿ ಇದ್ದಾಳಾ?" ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದೆ ಎಂದೂ ನನ್ನನ್ನು ಬೈದಳು.

ಡಾಕ್ಟರಮ್ಮ ಹೇಳಿದಂತೆ ಮೊದಲು ಬಲ ಹೊಳ್ಳೆಗೆ ಸ್ಪ್ರೇ ನಿಲ್ಲಿಸಿದಳು, ಎಡಕ್ಕೆ ಮುಂದುವರಿಸಿದಳು. ಊತ ಇಳಿಯಲು ಡಾಕ್ಟರಮ್ಮ ಬರೆದುಕೊಟ್ಟ ಬೇರೆ ಔಷಧಿ, ಜೊತೆಗೆ ಉಪ್ಪುನೀರು. ಮಲಗಿದರೆ ಉಸಿರು ಸಿಗದೆ ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದಳು. ಹಗಲು, ಟ್ರಾಮ್ ಬದಲು ಕೊಟ್ಟಿದ್ದ ಡಿಪೊ ಕಚೇರಿಯ ಕೆಲಸಕ್ಕೆ ಮೇಜಿನ ಮುಂದೆ ಕೂತು, ರಜೆ ಕೇಳಲು ಬಂದವರನ್ನೆಲ್ಲ ಕಚ್ಚುವಂತೆ ನೋಡುತ್ತಿದ್ದಳು.

ಹನ್ನೊಂದನೆಯ ದಿನ ಬಲ ಹೊಳ್ಳೆ ತಾನಾಗಿ ತೆರೆಯಿತು. ನಾನು ಪಕ್ಕದಲ್ಲಿ ಕೂತು ಬ್ರೆಡ್ಡಿನೊಳಗೆ ಉಪ್ಪುಮೀನು ಇಟ್ಟುಕೊಂಡು ತಿನ್ನುತ್ತಿದ್ದೆ. ಅವಳು ಇದ್ದಕ್ಕಿದ್ದಂತೆ ತಲೆಯೆತ್ತಿದಳು.

"ಏನೋ ಇದು ವಾಸನೆ?"

"ಮೀನು."

"ದಿನಾ ಇದನ್ನೇ ತಿಂತೀಯಾ?"

"ಆರು ವರ್ಷದಿಂದ."

"ಎದ್ದು ಆಚೆ ಹೋಗು!"

ನಾನು ಸಂತೋಷದಿಂದಲೇ ಎದ್ದುಹೋದೆ.

ಆಮೇಲೆ ಎಡಕ್ಕೂ ಸ್ಪ್ರೇ ನಿಲ್ಲಿಸಿದಳು; ಅದು ಇನ್ನೂ ಒಂದು ತಿಂಗಳು ಕಾಡಿತು. ರಕ್ತದೊತ್ತಡ ಇಳಿದ ಮೇಲೆ, ಜನವರಿಯಲ್ಲಿ ಟ್ರಾಮ್ ಹತ್ತಿದಳು. ಮಾರ್ಚ್‌ನಲ್ಲಿ ನನಗೆ ನೆಗಡಿಯಾಯಿತು. ಜೇಬಿನಿಂದ ಬಾಟಲಿ ತೆಗೆಯುವುದನ್ನು ಅವಳು ನೋಡಿಬಿಟ್ಟಳು.

"ಎಷ್ಟನೇ ದಿನ?"

"ಮೂರು."

"ನಿಂದೇ ತಾನೆ? ಹೆಂಡತೀದು ತಂದಿಲ್ಲ ತಾನೆ? ಒಬ್ಬರದನ್ನ ಇನ್ನೊಬ್ಬರು ಹಾಕ್ಕೋಬಾರ್ದು."

"ನಂದೇ ಕಣೇ."

"ಶುಕ್ರವಾರ ಐದಾಗತ್ತೆ. ಶನಿವಾರ ಇದು ಕೈಯಲ್ಲಿ ಕಂಡ್ರೆ ಟ್ರಾಮ್ ಚಕ್ರದ ಕೆಳಗೆ ಹಾಕ್ತೀನಿ."

ಅಂದಳು, ಟ್ರಾಮ್ ಹತ್ತಿ ಘಂಟೆ ಬಾರಿಸಿದಳು, ಹೊರಟೇಬಿಟ್ಟಳು.